ತಣ್ಣೀರು ಮತ್ತು ಎದೆಗಾರಿಕೆ

ಚಳಿಗಾಲದ ಬೆಳಿಗ್ಗೆ ಕೆರೆಯ ಮೆಟ್ಟಿಲಲ್ಲಿ ನಿಂತವನಿಗೆ ತನ್ನ ಕಾಲಿನ ಹೆಬ್ಬೆರಳಿಗಿಂತ ವಿವೇಕಿಯಾದ ಅಂಗ ಇನ್ನೊಂದಿಲ್ಲ. ನೀರನ್ನು ಮುಟ್ಟಿ, ತಟಕ್ಕನೆ ಹಿಂದೆ ಸರಿದು, ‘ಸ್ವಲ್ಪ ತಾಳು’ ಎನ್ನುತ್ತದೆ. ಆದರೆ ಜೀವಮಾನವಿಡೀ ಪರರಿಗೆ ಉಪದೇಶ ಮಾಡಿ ನಿವೃತ್ತನಾದ ನನ್ನಂಥ ಮೇಷ್ಟ್ರು ಕಾಲ್ಬೆರಳಿನ ಉಪದೇಶ ಕೇಳುವುದುಂಟೆ? ಸಾಲಿಗ್ರಾಮದ ಸಮೀಪದ ನಮ್ಮೂರ ಕೆರೆಗೆ ದಂಡೆಯಿಂದಲೇ ಧುಮುಕುವುದು ನನ್ನ ಎದೆಗಾರಿಕೆಯ ನಿತ್ಯಪ್ರದರ್ಶನವಾಗಿತ್ತು. ನಾನು ಬಿ.ಪಿ. ಮಾತ್ರೆ ನುಂಗುವವನೆಂಬುದು ಕೆರೆಗೇನು ಗೊತ್ತು!

ಕಳೆದ ಮಾಗಿಯಲ್ಲಿ ಹಾಗೆಯೇ ಧುಮುಕಿದೆ ನೋಡಿ. ನೀರು ಮೈಗೆ ತಗುಲಿದ್ದೇ ತಡ, ಉಸಿರು ಗಂಟಲಲ್ಲಿ ಸಿಕ್ಕಿಕೊಂಡು, ಯಾರೋ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಂತಾಯಿತು. ದಿಕ್ಕುಗೆಟ್ಟು ಕೈಕಾಲು ಬಡಿದೆ. ಜೊತೆಗೆ ಈಜಲು ಬಂದಿದ್ದ ಹೆಂಡತಿಯ ತಮ್ಮ ಶೀನ ಕೂಗಿದ:

“ಭಾವ, ಕೈಕಾಲ್ ಬಡಿಬೇಡಿ! ಅಂಗಾತ ಮನಿಕಣಿ, ಉಸ್ರ್ ಬರ್ಲಿ!”

ಅಂಗಾತ ತೇಲಿದೆ. ಉಸಿರು ಮರಳಿತು, ನೋವು ಮಾತ್ರ ಹೋಗಲಿಲ್ಲ. ಶೀನ ನನ್ನನ್ನು ಮೆಟ್ಟಿಲಿಗೆ ಎಳೆದು ತಂದು, ಒದ್ದೆ ಬಟ್ಟೆ ಬಿಡಿಸಿ ಕಂಬಳಿ ಹೊದೆಸಿ, ‘ಗ್ಯಾಸ್ ಇರಬಹುದು’ ಎಂಬ ನನ್ನ ವಾದವನ್ನು ಕಿವಿಗೇ ಹಾಕಿಕೊಳ್ಳದೆ ನೇರ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದ.

ಊರವರು ‘ಹೃದಯವಂತ’ ಎಂದಾಗಲೆಲ್ಲ ಹಿಗ್ಗುತ್ತಿದ್ದ ನನಗೆ, ಆ ಹೃದಯದ ರಕ್ತನಾಳವೊಂದು ಎಂದೋ ಕಿರಿದಾಗಿತ್ತೆಂದು ತಿಳಿದದ್ದು ಆಗಲೇ. ತಣ್ಣೀರು ಒಮ್ಮೆಲೇ ಮೈಗೆರಗಿದರೆ ನಾಳಗಳೆಲ್ಲ ಸಂಕುಚಿಸಿ ಹೃದಯಕ್ಕೆ ವಿಪರೀತ ಹೊರೆಯಾಗುತ್ತದಂತೆ. ಸ್ಟೆಂಟ್ ಹಾಕಿಸಿಕೊಂಡು, ಬಹಳ ದಿನ ಮನೆಯಂಗಳದಲ್ಲೇ ನಡೆದಾಡಿದ ಮೇಲೆ ಡಾಕ್ಟರು ಈಜಲು ಒಪ್ಪಿದರು. ಮೆಲ್ಲಗೆ ಇಳಿಯಬೇಕು, ಒಂಟಿಯಾಗಿ ಇಳಿಯಕೂಡದು, ನಡುಕ ಹತ್ತುವ ಮೊದಲೇ ಮೇಲೇರಬೇಕು.

ಅಂದಿನಿಂದ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು, ಮುಖಕ್ಕೆ, ಎದೆಗೆ ನೀರು ಚಿಮುಕಿಸಿಕೊಂಡು, ಹೊಸ ಮದುವಣಿಗನ ಸಂಕೋಚದಿಂದ ಕೆರೆಗಿಳಿಯುತ್ತೇನೆ. ಪಕ್ಕದಲ್ಲಿ ಶೀನ ಈಜುತ್ತಾನೆ. ಹೆಂಡತಿ ಗಿರಿಜೆ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂರುತ್ತಾಳೆ. ನನ್ನ ತಲೆ ಕಾಣಿಸದಿದ್ದರೆ ಎದ್ದು ನಿಲ್ಲುತ್ತಾಳೆ. “ಹ್ವಾಯ್, ಸಾಕ್, ಮೇಲ್ ಬನ್ನಿ” ಎಂಬ ಅವಳ ಕೂಗಿಗೆ ಈಗ ಎದುರಾಡುವುದಿಲ್ಲ.

ಮೊನ್ನೆ ತಿರುಗಿ ನೋಡಿದರೆ, ಹುಟ್ಟಿದಾಗಿನಿಂದ ಆಳದ ನೀರಿಗೆ ಹೆದರುವ ಗಿರಿಜೆ ಸೆರಗು ಸಿಕ್ಕಿಸಿ ಕೆಳಗಿನ ಮೆಟ್ಟಿಲಿಗೆ ಬಂದಿದ್ದಾಳೆ.

“ನಿಂಗೆಂತಕ್ಕೆ ಈ ಚಳಿಯಂಗೆ?” ಎಂದೆ.

“ನಂಗೂ ಈಜುಕ್ ಕಲ್ಸಿ,” ಎಂದಳು, ಹಲ್ಲು ಕಟಕಟಿಸುತ್ತ. “ಅಲ್ಲಿ ಕೂತ್ಕಂಡ್ರೆ ನಂಗೆ ಕೂಗುಕ್ ಮಾತ್ರ ಆತ್ತ್.”

ನಾನು ಕೈ ಚಾಚಿದೆ. ಅವಳು ಹಿಡಿದುಕೊಂಡಳು, ಉಸಿರು ಸಮವಾಗುವವರೆಗೆ ನಿಂತು, ಇನ್ನೊಂದು ಮೆಟ್ಟಿಲು ಇಳಿದಳು.