ಕಟ್ಟೆ ಹತ್ತದ ಮೂವರು

ಆ ಒಂದು ಮಧ್ಯಾಹ್ನಕ್ಕೆ ನಾನು ತೆತ್ತದ್ದು ಒಂದು ಪಿಕಪ್ ಗಾಡಿ. ಹುಮನಾಬಾದಿನ ಹಳೆ ಗಾಡಿಗಳ ದಲ್ಲಾಳಿಯೊಂದಿಗೆ ಚೌಕಾಸಿ ಮಾಡಿ, ಎರಡು ಸಲ ಎದ್ದು ಹೊರಟಂತೆ ಮಾಡಿ, ಕೊನೆಗೆ ಅವನೇ ಬೆನ್ನ ಹಿಂದಿನಿಂದ ಕರೆದು ಕೊಟ್ಟ ಗಾಡಿ ಅದು. ಅದನ್ನು ಸುಟ್ಟವನು ನಾನೇ. ವಿಮೆಯವರು ಬಂದು, "ಬೆಂಕಿ ಹ್ಯಾಂಗ ಹತ್ತಿತ್ರಿ?" ಎಂದರು. "ನನ್ನ ಕಿಸೆದಾಗಿನ ಕಡ್ಡಿಪೆಟ್ಟಿಗಿಯಿಂದ" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ಚಹಾ ಕುಡಿದು ಎದ್ದು ಹೋದರು. ಮೂರು ಜೀವಕ್ಕೆ ಬದಲಾಗಿ ಹೋದ ಗಾಡಿ ಅದು. ಆ ವ್ಯಾಪಾರದಲ್ಲಿ ನನಗೆ ನಷ್ಟವಾಯಿತೆಂದು ಇವತ್ತಿಗೂ ಅನ್ನಿಸಿಲ್ಲ.

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಕೂಲಿ ಮನೆಗಳ ಹುಡುಗ ಹುಡುಗಿಯರಿಗೆ ಕಾಡು ಕಾಯುವ, ಕಾಡಿನ ಬೆಂಕಿ ಆರಿಸುವ ಕೆಲಸ ಕಲಿಸುವ ತಂಡಕ್ಕೆ ನಾನು ಮುಖ್ಯಸ್ಥನಾಗಿದ್ದೆ. ನಾನೇನು ಓದಿ ಬಂದವನಲ್ಲ. ಹುಮನಾಬಾದಿನ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊತ್ತವನು. ಆಮೇಲೆ ಕಾರ್ಖಾನೆಗಳಿಗೆ ಆಳು ಒದಗಿಸಿದೆ. ಅದರ ನಂತರ ಗುಡ್ಡಗಳಲ್ಲಿ ಫೈರ್ ಲೈನ್ ಮಾಡಿಸುವ ಗುತ್ತಿಗೆ ಹಿಡಿದೆ. ಫೈರ್ ಲೈನ್ ಎಂದರೆ ಬೇಸಿಗೆಗೆ ಮೊದಲೇ ಹುಲ್ಲು ಕೊಯ್ದು, ಕೆರೆದು, ಅಗಲವಾದ ಬೋಳು ಪಟ್ಟಿ ಬಿಡುವುದು. ಬೆಂಕಿ ಬಂದರೆ ಅಲ್ಲಿಗೆ ಅದಕ್ಕೆ ತಿನ್ನಲು ಏನೂ ಸಿಗಬಾರದು. ನಮ್ಮ ಕಡೆ ದೊಡ್ಡ ಮರಗಳ ಕಾಡಿಲ್ಲ. ಕೆಂಪು ಕಲ್ಲಿನ ಗುಡ್ಡ, ತಂಗಡಿ, ಜಾಲಿ, ಎದೆಮಟ್ಟದ ಒಣ ಕರಡದ ಹುಲ್ಲು. ಆ ಕರಡದಲ್ಲೇ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಮರಿ ಹಾಕುತ್ತವೆ. ಅದು ಕಾಗದದಂತೆ ಉರಿಯುತ್ತದೆ.

ತರಬೇತಿಗೆ ಬಂದವರು ಹನ್ನೊಂದು ಮಂದಿ. ಹೆಚ್ಚಿನವರು ಕಬ್ಬು ಕಡಿಯಲು ಹೋಗುವ ಮನೆಯವರು. ಪಾಸಾದರೆ ಬೇಸಿಗೆಗೆ ಫೈರ್ ವಾಚರ್ ಕೆಲಸ, ಮಳೆಗಾಲಕ್ಕೆ ನರ್ಸರಿಯಲ್ಲಿ ಕೆಲಸ, ಊರು ಬಿಟ್ಟು ಅಲೆಯುವುದು ತಪ್ಪುತ್ತದೆ. ಅವರಿಗೆ ದಪ್ಪ ಹತ್ತಿ ಬಟ್ಟೆಯ ಅಂಗಿಯನ್ನೇ ಹೊಲಿಸಿದ್ದೆ. ನೈಲಾನ್ ಅಗ್ಗ, ಆದರೆ ಬೆಂಕಿಯ ಮುಂದೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚೌಕಾಸಿ ಮಾಡುವವನು ಎಲ್ಲಿ ಮಾಡಬಾರದು ಎಂಬುದನ್ನೂ ತಿಳಿದಿರಬೇಕು.

ಹನ್ನೊಂದರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಒಬ್ಬಳು ಸುಜಾತಾ, ದಲಿತ ಕೇರಿಯ ಬೌದ್ಧ ಮನೆತನದ ಹುಡುಗಿ, ಹತ್ತೊಂಬತ್ತರ ವಯಸ್ಸು. ಗಾಳಿಯ ದಿಕ್ಕು ನೋಡಲು ಎಲ್ಲರಿಗಿಂತ ಮೊದಲು ಮಣ್ಣು ತೂರುವವಳು. ಅವಳ ಅಪ್ಪ ಗುಡ್ಡದ ಕೆಳಗಿನ ಊರಿನ ಗೌಡರ ಹೊಲದಲ್ಲಿ ಆಳು. ಇನ್ನೊಬ್ಬ ಶಿವರಾಜ, ಅದೇ ಊರಿನವನು, ಗುಡ್ಡದ ಮೇಲಿನ ದೇವಿಗೆ ಪೂಜೆ ಮಾಡುವ ಮನೆಯ ಹುಡುಗ. ಹೊಲ ಕರಗಿ, ಅವನೂ ಕೂಲಿಗೆ ಬಂದವನೇ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. "ಪೂಜಾರಿ, ಗಂಟಿ ಬಾರ್ಸಿದಂಗಲ್ಲ ಬೀಟರ್ ಹೊಡೆಯೋದು" ಎಂದು ಅವಳು. "ನೀ ಮೊದಲ ಆ ಜಡಿ ಟೊಪ್ಪಿಗಿಯಾಗ ಸೇರ್ಸ, ಇಲ್ಲಂದ್ರ ಬತ್ತಿ ಆಕ್ಕೈತಿ" ಎಂದು ಅವನು. ಬೀಟರ್ ಎಂದರೆ ಉದ್ದ ಕೋಲಿನ ತುದಿಗೆ ರಬ್ಬರ್ ಪಟ್ಟಿ. ಉರಿಯನ್ನು ಬಡಿದು ಆರಿಸುವ ಸಾಧನ.

ಬೆಂಕಿ ಕೆಲಸದ ಮೊದಲ ಪಾಠ ಆರಿಸುವುದಲ್ಲ, ಓಡುವುದು. ಎಲ್ಲಿಗೆ ಓಡಬೇಕು ಎಂದು ಮೊದಲೇ ಗೊತ್ತು ಮಾಡಬೇಕು. ಅದಕ್ಕೆ ಸೇಫ್ಟಿ ಝೋನ್ ಎನ್ನುತ್ತೇವೆ. ಗುಡ್ಡದ ನೆತ್ತಿಯಲ್ಲಿ ದೇವಿಯ ಕಟ್ಟೆ ಇತ್ತು. ಸೊಂಟದೆತ್ತರದ, ಹಾಸುಗಲ್ಲಿನ ಅಗಲ ಕಟ್ಟೆ. ಮೇಲೆ ಒಂದು ಎಸಳು ಹುಲ್ಲಿಲ್ಲ. ಐವತ್ತು ಜನ ನಿಂತರೂ ಜಾಗ ಮಿಕ್ಕುತ್ತದೆ. ಇದಕ್ಕಿಂತ ಒಳ್ಳೆಯದು ಪುಸ್ತಕದಲ್ಲೂ ಇಲ್ಲ ಎಂದುಕೊಂಡೆ. ಮೂರು ಸೀಟಿ ಊದಿದರೆ ಕೈಯಲ್ಲಿದ್ದದ್ದು ಬಿಸಾಕಿ ಕಟ್ಟೆ ಹತ್ತಬೇಕು. ಅಭ್ಯಾಸವನ್ನು ಕೆಳಗೆ ಶಾಲೆಯ ಬಯಲಿನಲ್ಲಿ, ಸುಣ್ಣದ ಗೆರೆ ಹಾಕಿ ಮಾಡಿಸಿದ್ದೆವು. ಗುಡ್ಡಕ್ಕೆ ಹೋಗಲು ಅನುಮತಿ ಸಿಕ್ಕಿದ್ದು ಕೊನೆಯ ವಾರಕ್ಕೆ. ಅವತ್ತು ಬೆಳಿಗ್ಗೆ ದೂರದಿಂದಲೇ ಕಟ್ಟೆಗೆ ಕೈ ತೋರಿಸಿ, "ಗೊತ್ತಾಯ್ತಾ ಎಲ್ಲಾರಿಗೂ?" ಎಂದೆ.

"ಗೊತ್ತಾತ್ರಿ ಕಾಕಾ" ಎಂದರು ಹನ್ನೊಂದೂ ಜನ, ಒಂದೇ ದನಿಯಲ್ಲಿ.

ಊಟಕ್ಕೆ ಇನ್ನೂ ಹೊತ್ತಿತ್ತು. ಪಡುವಣ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆವು. ಜೊತೆಗೆ ಬಂದ ಫಾರೆಸ್ಟ್ ಗಾರ್ಡ್ ಗುಡ್ಡದ ಆ ಕೊನೆಯಲ್ಲಿ, ಮೊದಲೇ ಕೆರೆದ ಬೋಳು ಪಟ್ಟಿಯ ಮೇಲಿದ್ದರು. ಕೆಳಗೆ ಯಾರೋ ಹೊಲದಲ್ಲಿ ಕಬ್ಬು ಕಡಿದು ಉಳಿದ ಒಣ ರವದಿ ಸುಡುತ್ತಿದ್ದರು. ಈ ಕಡೆ ದಿನವೂ ಕಾಣುವ ಹೊಗೆ. ಅಷ್ಟರಲ್ಲಿ ಸುಜಾತಾ ಕುಡಗೋಲು ನಿಲ್ಲಿಸಿ, ಒಂದು ಹಿಡಿ ಮಣ್ಣು ತೂರಿದಳು. ಮಣ್ಣು ನೇರ ನಮ್ಮ ಮುಖಕ್ಕೇ ಬಂತು.

"ಕಾಕಾ, ಗಾಳಿ ತಿರುಗ್ಯಾದರಿ."

ನೋಡಿದೆ. ಬಿಳಿ ಹೊಗೆ ಹಳದಿಯಾಗಿ, ಹಳದಿ ಕಪ್ಪಾಗುತ್ತಿತ್ತು. ಬೆಂಕಿ ಹೊಲದ ಬದು ದಾಟಿ ಗುಡ್ಡದ ಬುಡಕ್ಕೆ ಬಂದಿತ್ತು. ಓದುಗರು ಒಂದು ಮಾತು ತಿಳಿಯಬೇಕು: ಬೆಂಕಿ ಇಳಿಜಾರಿನಲ್ಲಿ ಕೆಳಗಿಳಿಯುವಾಗ ಕುಂಟುತ್ತದೆ, ಏರುವಾಗ ಓಡುತ್ತದೆ. ಉರಿಯ ನಾಲಿಗೆ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿ, ಒಣಗಿಸಿ ಇಟ್ಟಿರುತ್ತದೆ. ಜೊತೆಗೆ ಗಾಳಿಯೂ ಬೆನ್ನಿಗಿದ್ದರೆ ಮನುಷ್ಯನ ಕಾಲು ಅದಕ್ಕೆ ಸಾಟಿಯಲ್ಲ. ಮೊದಲು ಬಂದದ್ದು ಶಬ್ದ. ಗೋಣಿಚೀಲ ಹರಿದಂತೆ, ಒಂದಲ್ಲ, ಸಾವಿರ ಗೋಣಿಚೀಲ. ಹಕ್ಕಿಗಳು ಕೂಗದೆ ನಮ್ಮ ತಲೆಯ ಮೇಲಿಂದ ಹಾರಿ ಹೋದವು. ಒಂದು ಮೊಲ ನನ್ನ ಬೂಟಿನ ಮೇಲೆಯೇ ಹಾದು ಹೋಯಿತು. ಅದಕ್ಕೆ ನನ್ನ ಭಯ ಇರಲಿಲ್ಲ.

ಮೂರು ಸೀಟಿ ಊದಿದೆ. ಎಲ್ಲರೂ ಓಡಿದರು. ನಾನು ಕೊನೆಯವನು. ನೆತ್ತಿಗೆ ಬಂದು ಕಟ್ಟೆಯ ಮೇಲಿನ ತಲೆ ಎಣಿಸಿದೆ. ಎಂಟು. ಮತ್ತೆ ಎಣಿಸಿದೆ, ಎಂಟೇ. ಮೂವರು ಕೆಳಗೇ ಉಳಿದರು, ಬಿದ್ದರು ಎಂದುಕೊಂಡೆ. ತಿರುಗಿ ನೋಡಿದರೆ ಅವರು ಕಟ್ಟೆಯಿಂದ ನಾಲ್ಕು ಮಾರು ಆಚೆ, ಎದೆಮಟ್ಟದ ಕರಡದಲ್ಲಿ ನಿಂತಿದ್ದರು. ಸುಜಾತಾ, ಅವಳ ಚಿಕ್ಕಪ್ಪನ ಮಗ ಮಿಲಿಂದ, ಅವರ ಓಣಿಯ ಗೌತಮ. ಓಡಿ ಬಂದು, ಕಟ್ಟೆಯ ಹತ್ತಿರ ಬಂದು, ನಿಂತುಬಿಟ್ಟಿದ್ದರು.

"ಹತ್ರಿ ಮ್ಯಾಲ" ಎಂದು ಕೂಗಿದೆ.

ಮಿಲಿಂದ ಸುಜಾತಾಳ ಮುಖ ನೋಡಿದ. ಅವಳು ಅಲ್ಲಾಡಲಿಲ್ಲ. ಕಟ್ಟೆಯ ಮೇಲಿಂದ ಶಿವರಾಜ ಬಗ್ಗಿ ಕೈ ಚಾಚಿದ.

"ಬಾ ಸುಜಾತಾ, ಹುಚ್ಚಿ ಏನ ನೀ. ಯಾರ್ ನೋಡಾಕತ್ತಾರ ಇಲ್ಲಿ?"

"ನೀ ನೋಡಾಕತ್ತಿ ಅಲಾ" ಎಂದಳು ಅವಳು.

ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅವಳು ನನ್ನ ಕಡೆ ತಿರುಗಿದಳು. "ನಮ್ಮ ಮಂದಿ ಈ ಕಟ್ಟಿ ಹತ್ತಂಗಿಲ್ಲರಿ ಕಾಕಾ. ಇವತ್ತ ಹತ್ತಿದ್ರ ನಾಳಿಂದ ನಮ್ಮಪ್ಪಗ ಈ ಊರಾಗ ಕೆಲಸ ಇರಂಗಿಲ್ಲ. ಅಷ್ಟಕ್ಕ ಬಿಟ್ರ ಪುಣ್ಯ."

ನಾನು ಜೀವನವಿಡೀ ಮಾತಿನಿಂದ ಬದುಕಿದವನು. ಆಳುಗಳ ಜೊತೆ, ಮಾಲೀಕರ ಜೊತೆ, ದಲ್ಲಾಳಿಗಳ ಜೊತೆ ಮಾತಾಡಿ ಇಲ್ಲದ್ದನ್ನು ಇದೆ ಅನ್ನಿಸಿದವನು. ಅವತ್ತು ಆ ಮಾತು ನಡೆಯುವಂತಿರಲಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಲು ನಾನು ಆ ಊರಿನವನಲ್ಲ. ನಾಳೆ ನಾನು ಗಾಡಿ ಹತ್ತಿ ಹುಮನಾಬಾದಿಗೆ ಹೋಗುತ್ತೇನೆ. ಅವಳು ಅಲ್ಲೇ ಇರಬೇಕು. ಎಳೆದು ಹತ್ತಿಸೋಣವೆಂದರೆ ಮೂವರು, ನಾನೊಬ್ಬ. ಅಷ್ಟರಲ್ಲಿ ಬೆಂಕಿಯ ಬಿಸಿ ಕಿವಿಯ ಹಿಂದೆ ತಾಗುತ್ತಿತ್ತು, ಹೊಗೆಯಲ್ಲಿ ಕಟ್ಟೆಯ ಅರ್ಧ ಮುಚ್ಚಿತ್ತು.

ಕಟ್ಟೆಯ ಆಚೆ, ಮೂಡಣ ಇಳಿಜಾರಿನಲ್ಲಿ ನನ್ನ ಪಿಕಪ್ ನಿಂತಿತ್ತು. ಅದನ್ನು ಹತ್ತಿ ಓಡೋಣವೆಂದರೆ ಗಾಡಿ ಹಾದಿ ಸ್ವಲ್ಪ ಇಳಿದು ಮತ್ತೆ ಬೆಂಕಿಯ ಕಡೆಗೇ ತಿರುಗುತ್ತಿತ್ತು. ಉಳಿದದ್ದು ಒಂದೇ ದಾರಿ. ತರಗತಿಯಲ್ಲಿ ಹೇಳಿದ್ದೆ, ಮಾಡಿ ತೋರಿಸಿರಲಿಲ್ಲ: ಬೆಂಕಿ ಬರುವ ಮೊದಲು ನಾವೇ ಮುಂದಿನ ಹುಲ್ಲು ಸುಡುವುದು, ಅದು ಗಾಳಿಯ ಜೊತೆ ಮುಂದೆ ಓಡಿದ ಮೇಲೆ ಸುಟ್ಟ ನೆಲದ ಮೇಲೆ ಹೋಗಿ ನಿಲ್ಲುವುದು. ಒಮ್ಮೆ ಉರಿದ ನೆಲ ಮತ್ತೆ ಉರಿಯುವುದಿಲ್ಲ. ಆದರೆ ಗಾಳಿ ಒಂದು ಕ್ಷಣ ಅಡ್ಡಾದರೂ ನಾವೇ ಹಚ್ಚಿದ ಬೆಂಕಿ ನಮ್ಮನ್ನೇ ತಿನ್ನುತ್ತದೆ.

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಆರಿತು. ಮೂರನೆಯದಕ್ಕೆ ಸುಜಾತಾ ಎರಡೂ ಕೈ ಅಡ್ಡ ಹಿಡಿದಳು. ಹುಲ್ಲು ಹತ್ತಿಕೊಂಡಿತು. ಉರಿ ಮೂಡಣಕ್ಕೆ ಹಾರಿತು, ಅದರ ಹಿಂದೆ ಕರಿ ನೆಲ ಅಗಲವಾಗುತ್ತಾ ಹೋಯಿತು. ಆದರೆ ಸ್ವಲ್ಪ ಉರಿ ಹಿಂದಕ್ಕೂ, ನಮ್ಮ ಕಾಲಿನ ಕಡೆಗೂ ತೆವಳಿತು. ಮಿಲಿಂದ, ಗೌತಮ ಅಂಗಿ ಬಿಚ್ಚಿ ಬಡಿಯತೊಡಗಿದರು. ಆಗ ಕಟ್ಟೆಯ ಮೇಲಿಂದ ಒಬ್ಬ ಧುಮುಕಿದ. ಶಿವರಾಜ. ಅವನೊಬ್ಬನೇ ಬೀಟರ್ ಬಿಸಾಕಿರಲಿಲ್ಲ. ಸುಜಾತಾಳ ಪಕ್ಕ ನಿಂತು ಬಡಿದ.

"ಒಳಗ ನಡೀರಿ" ಎಂದೆ. ಐವರೂ ಹೊಗೆಯಾಡುವ ಕರಿ ನೆಲಕ್ಕೆ ಓಡಿದೆವು. ಬೂಟಿನ ಅಟ್ಟೆ ಮೆತ್ತಗಾಗಿ ಅಂಟುತ್ತಿತ್ತು. ಮುಖ ನೆಲಕ್ಕೆ ಒತ್ತಿ, ಅಂಗಿಯಲ್ಲಿ ಮೂಗು ಮುಚ್ಚಿ ಮಲಗಿದೆವು. ದೊಡ್ಡ ಬೆಂಕಿ ನೆತ್ತಿಗೆ ಬಂತು. ಅದರ ಸದ್ದಿನಲ್ಲಿ ಯಾರು ಅಳುತ್ತಿದ್ದರು, ಯಾರು ದೇವರ ಹೆಸರು ಹೇಳುತ್ತಿದ್ದರು ತಿಳಿಯಲಿಲ್ಲ. ನನ್ನ ಪಕ್ಕದಲ್ಲಿ ಯಾರದೋ ಕೈ ನನ್ನ ರಟ್ಟೆ ಹಿಡಿದಿತ್ತು, ನಾನು ಬಿಡಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಾಲ್ಕು ಮನೆಗೆ ಹೋಗಿ ಏನು ಹೇಳಲಿ, ಯಾವ ಮಾತಿನಿಂದ ಶುರು ಮಾಡಲಿ.

ಬೆಂಕಿ ಕಟ್ಟೆಯ ಎರಡೂ ಬದಿಯಿಂದ ಬಂದು, ಕರಿ ನೆಲದ ಅಂಚಿಗೆ ತಿನ್ನಲು ಸಿಗದೆ ನಿಂತಿತು. ಎದ್ದು ನೋಡಿದಾಗ ಕಟ್ಟೆಯ ಮೇಲೆ ಏಳು ಜನ ಕೆಮ್ಮುತ್ತಿದ್ದರು, ಐವರು ನಾವು. ಸುಜಾತಾಳ ಜಡೆಯ ತುದಿ ಕರಕಲಾಗಿತ್ತು, ಶಿವರಾಜನ ಅಂಗೈ ಬೊಬ್ಬೆ ಎದ್ದಿತ್ತು. ಇಳಿಜಾರಿನಲ್ಲಿ ನನ್ನ ಪಿಕಪ್ ಟೈರು ಸಿಡಿದು ಒಂದೊಂದೇ ಮೊಳಕಾಲು ಊರುತ್ತಿತ್ತು.

ನೀರು ಕುಡಿದ ಮೇಲೆ ಸುಜಾತಾ ನನ್ನ ಹತ್ತಿರ ಬಂದಳು. "ಕಾಕಾ, ಮುಂಜಾನಿ ನೀವು ಗೊತ್ತಾಯ್ತಾ ಅಂತ ಕೇಳಿದ್ರಿ. ಗೊತ್ತಾಗಿತ್ರಿ. ಹತ್ತಾಕ ಆಗ್ತದಾ ಅಂತ ಯಾರೂ ಕೇಳಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳದು ಬರೀ ಅಂಜಿಕೆ ಇರಬಹುದು ಎಂದು ನಿಮಗೆ ಅನ್ನಿಸಿದರೆ ಮರುದಿನದ್ದನ್ನೂ ಕೇಳಿ. ಶಾಲೆಯ ಬಯಲಿನಲ್ಲಿ ಸಾಮಾನು ಒರೆಸುತ್ತಿದ್ದೆವು. ಬಿಳಿ ಅಂಗಿಯ ಹಿರಿಯರೊಬ್ಬರು ಊರಿನಿಂದ ಬಂದರು. ಯಾರಿಗೆ ಪೆಟ್ಟಾಯಿತು ಎಂದು ಕೇಳಲಿಲ್ಲ. ಎಲ್ಲರೂ ಬದುಕಿದ್ದಾರಾ ಎಂದೂ ಕೇಳಲಿಲ್ಲ. "ನಿನ್ನಿ ಕಟ್ಟಿ ಯಾರ್ಯಾರ ಹತ್ತಿದ್ರು?" ಎಂದರು. ಸಾಮಾನು ಒರೆಸುತ್ತಿದ್ದ ಕೈಗಳೆಲ್ಲ ನಿಂತವು. ಬೆಂಕಿಯ ಮುಂದೆ ಆದದ್ದಕ್ಕಿಂತ ಹೆಚ್ಚು ಭಯ ನನಗೆ ಆ ಕ್ಷಣದಲ್ಲಾಯಿತು. ಬೆಂಕಿಗೆ ಹೆಸರು ಕೇಳುವ ಅಭ್ಯಾಸ ಇರಲಿಲ್ಲ.

ಬಟ್ಟೆ ಸುತ್ತಿದ ಕೈ ಎತ್ತಿ ಶಿವರಾಜ ಎದ್ದು ನಿಂತ. "ನಾ ಹತ್ತಿದ್ದೆರಿ. ಬೂಟ್ ಹಾಕ್ಕೊಂಡ ಹತ್ತಿದ್ದೆ. ದಂಡ ಎಷ್ಟ ಹೇಳ್ರಿ, ನಮ್ಮ ಮನಿಯಾಗ ದೇವಿ ಹುಂಡಿ ಅದ, ಅದರಾಗಿಂದ ಕೊಡ್ತೀನಿ." ಹಿರಿಯರು ಅವನನ್ನು ಒಮ್ಮೆ, ಸುಜಾತಾಳನ್ನು ಒಮ್ಮೆ ನೋಡಿ, ಧೋತರದ ಚುಂಗು ಹಿಡಿದು ತಿರುಗಿ ಹೋದರು. ಅವಳ ಅಪ್ಪನ ಕೆಲಸ ಉಳಿಯಿತು. ಅವಳು ಪಾಸಾದಳು, ಈಗ ಹೊಸಬರಿಗೆ ಕಲಿಸುತ್ತಾಳೆ. ಕಟ್ಟೆಯ ವಿಷಯ ಇನ್ನೂ ಬಗೆಹರಿದಿಲ್ಲ. ಅದನ್ನು ಬಗೆಹರಿಸಿದೆವು ಎಂದು ಬರೆದರೆ ಸುಳ್ಳಾಗುತ್ತದೆ.

ಆಮೇಲೆ ಒಂದು ಕಾರ್ಖಾನೆಗೆ ಸುರಕ್ಷತೆಯ ಪಾಠ ಹೇಳಲು ಹೋದಾಗ, ಬೆಂಕಿ ಬಿದ್ದರೆ ಎಲ್ಲಿ ಸೇರುತ್ತೀರಿ ಎಂದು ಗುತ್ತಿಗೆ ಕೆಲಸದ ಹುಡುಗಿಯೊಬ್ಬಳನ್ನು ಬೇರೆ ಕರೆದು ಕೇಳಿದೆ. ಆಫೀಸಿನ ಮುಂದಿನ ಹೂದೋಟ ಎಂದಳು. ಅಲ್ಲಿ ಎಂದಾದರೂ ಕಾಲಿಟ್ಟಿದ್ದೀಯಾ ಎಂದೆ. "ವಾಚ್‌ಮನ್ ಬಿಡಂಗಿಲ್ಲರಿ" ಎಂದಳು. ಕಟ್ಟೆ ಬರೀ ಗುಡ್ಡದ ಮೇಲೆ ಇರುವುದಿಲ್ಲ.

ಆದ್ದರಿಂದ ಈ ಮುದುಕನ ಮಾತು ಕೇಳಿ. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೂ, ಆಪತ್ತಿಗೆ ಓಡುವ ಜಾಗವನ್ನು ಬೆರಳು ಮಾಡಿ ತೋರಿಸಬೇಡಿ. ಕರೆದುಕೊಂಡು ಹೋಗಿ ಅದರ ಮೇಲೆ ನಿಲ್ಲಿಸಿ. ಗುಂಪಿನಲ್ಲಿ ಕೇಳಬೇಡಿ, ಗುಂಪು ಯಾವಾಗಲೂ ಹೌದು ಎನ್ನುತ್ತದೆ. ಒಬ್ಬೊಬ್ಬರನ್ನೇ ಕೇಳಿ, ಉತ್ತರ ಹೇಳುವ ಮೊದಲು ಅವರು ಯಾರ ಮುಖ ನೋಡುತ್ತಾರೆ ಗಮನಿಸಿ. ಒಬ್ಬರು ಅನುಮಾನಿಸಿದರೂ ಆ ಜಾಗ ಬಿಟ್ಟು ಬೇರೆ ಜಾಗ ಮಾಡಿ. ಅನುಮಾನಕ್ಕೆ ಕಾರಣರಾದವರ ಜೊತೆ ಜಗಳ ಮಾಡಲೇಬೇಕು, ಮಾಡಿ. ಆದರೆ ಅದನ್ನು ಮಳೆಗಾಲದಲ್ಲಿ, ಹುಲ್ಲು ಹಸಿರಾಗಿರುವಾಗ ಮಾಡಿ.