ವಿಶ್ವವಿದ್ಯಾಲಯಕ್ಕೆ ಕೊಟ್ಟ ಇಸಾರ

ನಸುಕಿನಲ್ಲೇ ನಳದ ನೀರು ಹಿಡಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಹೆಸರುಕಾಳು ನೆನೆಹಾಕಿದೆ. ಅಂಗಡಿಗೆ ಬಂದಿದ್ದ ಹನ್ನೆರಡು ಸೀರೆ ಬಿಚ್ಚಿ ನೋಡಿ ಮತ್ತೆ ಮಡಿಕೆ ಹಾಕಿದೆ. ಅಂಚೆಯವನಿಂದ ಬ್ಯಾಂಕಿನ ಲಕೋಟೆ ಇಸಿದುಕೊಂಡೆ. ಉಳಿದದ್ದೆಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಲಕೋಟೆ ಮಾತ್ರ ಮುಗಿಯಲಿಲ್ಲ.

ನಾವು ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವರು. ಬಾಗಲಕೋಟೆಯ ಬ್ಯಾಂಕಿನವರು ಒತ್ತಾಯ ಮಾಡಿ ಕೊಟ್ಟ ಕ್ರೆಡಿಟ್ ಕಾರ್ಡು ಮನೆಗೆ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ಅದರ ಸ್ಟೇಟ್‌ಮೆಂಟ್ ಓದುವುದು ನನ್ನ ಪಾಲಿನ ಕೆಲಸ. ಹುನಗುಂದದ ಪೆಟ್ರೋಲು, ಬಾದಾಮಿಯಲ್ಲಿ ಬೀಗರಿಗೆ ಹಾಕಿಸಿದ ಊಟ, ಹೀಗೆ ಒಂದೊಂದು ಸಾಲು ಓದಿದಾಗಲೂ ಒಂದೊಂದು ದಿನ ಕಣ್ಣೆದುರು ಬರುತ್ತಿತ್ತು. ಅಂದು ಒಂದು ಸಾಲಿಗೆ ಯಾವ ದಿನವೂ ಬರಲಿಲ್ಲ. ಯಾವುದೋ ಆನ್‌ಲೈನ್ ವಿಶ್ವವಿದ್ಯಾಲಯ, ನಾಲ್ಕು ಸಾವಿರ ರೂಪಾಯಿ.

“ಏನ, ಈ ವಯಸ್ಸಿನ್ಯಾಗ ಕಾಲೇಜಿಗಿ ಹೊಂಟೀ ಏನ?” ಎಂದರು ನಮ್ಮ ಮನೆಯವರು.

“ಹೋದ್ರ ನಿಮಗ ರೊಟ್ಟಿ ಬಡಿಯಾವ್ರು ಯಾರ್ರಿ?”

ಮೊತ್ತ ಕಂಡ ಮೇಲೆ ಅವರು ನಗಲಿಲ್ಲ. ಬ್ಯಾಂಕಿಗೆ ಫೋನ್ ಹಚ್ಚಿದೆವು. ಅತ್ತಲಿನ ಹುಡುಗಿ ನಿಧಾನವಾಗಿ ತಿಳಿಸಿದಳು: “ಇದನ್ನ ಮನೆಯಲ್ಲಿ ಯಾರೂ ಮಾಡಿಲ್ಲ ಅಂತ ಬರೆದುಕೊಟ್ರೆ ವಂಚನೆ ಅಂತ ತನಿಖೆ ಆಗುತ್ತೆ ಮೇಡಂ. ಮನೆಯವರೇ ಮಾಡಿದ್ದು, ಆದ್ರೆ ಈ ಚಾರ್ಜ್ ಒಪ್ಪಲ್ಲ ಅನ್ನೋದಾದ್ರೆ ಅದರ ಫಾರ್ಮೇ ಬೇರೆ. ಯೋಚನೆ ಮಾಡಿ ಬರೀರಿ.”

“ಯೋಚನೆ ಏನ್ ಮಾಡೂದೈತಿ? ಕಳವು ಅಂತ ಬರಿ,” ಎಂದರು ಇವರು. “ಹುನಗುಂದದ ಪಂಪಿನವ ಕಾರ್ಡ್ ಹಿಡಕೊಂಡು ಒಳಗ ಹೋಗಿ ಭಾಳೊತ್ತು ಹೊರಗ ಬರಲಿಲ್ಲ. ಅವಂದ ಕೆಲಸ. ಅವನ ಹೆಸರೂ ಬರಿ.”

ಆ ಪಂಪಿನವರನ್ನು ನಾನೂ ಬಲ್ಲೆ. ಕಾರಿನ ಗಾಜು ಕೇಳದೆಯೇ ಒರೆಸುವ ಮನುಷ್ಯ. ನನ್ನ ಕೈಯಿಂದ ಅವರ ಹೆಸರು ಕಾಗದಕ್ಕೆ ಇಳಿಯಲಿಲ್ಲ. “ತಡೀರಿ,” ಎಂದು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತೆ. ಹಾಲು, ಗ್ಯಾಸು, ಬಂದವರು, ಹೋದವರು, ಎಲ್ಲವನ್ನೂ ನಾನು ಅದರಲ್ಲೇ ಗುರುತು ಹಾಕುವುದು. ಸ್ಟೇಟ್‌ಮೆಂಟಿನ ತಾರೀಖಿನ ಚೌಕದಲ್ಲಿ ‘ಗಿರಣಿ ಬಂದ್’ ಎಂದಷ್ಟೇ ಇತ್ತು. ಹಾಳೆ ಹಿಂದಕ್ಕೆ ತಿರುವಿದೆ. ಸರಿಯಾಗಿ ಒಂದು ತಿಂಗಳ ಹಿಂದೆ, ಅದೇ ತಾರೀಖು: ‘ನಾದಿನಿ ಬಂದಳು. ಎರಡು ಕುಪ್ಪಸದ ಖಣ ತಂದಳು. ಇಂಟರ್ನೆಟ್ ಸೆಂಟರಿಗೆ ಕಾರ್ಡು ಒಯ್ದು ತಂದಳು.’

ನಾದಿನಿ ಗುಳೇದಗುಡ್ಡದಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರು. ಮುಂದೆ ಓದುವುದಕ್ಕೆ ಅರ್ಜಿ ಫೀ ಇನ್ನೂರು ರೂಪಾಯಿ, ಕಾರ್ಡಿನಲ್ಲೇ ಕಟ್ಟಬೇಕು ಎಂದಿದ್ದಳು; ಕೂಡಲೇ ಅಷ್ಟು ನಗದು ನನ್ನ ಕೈಗಿಟ್ಟಿದ್ದಳು. ಹಾಗಾಗಿ ಅದು ನನ್ನ ತಲೆಯಿಂದಲೇ ಹೋಗಿತ್ತು. ಫೋನ್ ಮಾಡಿದೆ.

“ಅಯ್ಯ ವೈನಿ, ನಾ ಬರೇ ಇಸಾರ ಕೊಟ್ಟಿದ್ನಿ! ಮುಂದಿನ ಪುಟದಾಗ ಪೂರಾ ಫೀ ನೋಡಿ ಎದಿ ಧಸಕ್ಕಂತು. ಎದ್ದು ಬಂದ್ನಿ.”

“ಒಲ್ಲೆ ಅಂತ ಬರದು ತಿಳಿಸಿದೇನವಾ?”

“ಯಾಕ ಬರೀಬೇಕ್ರಿ? ತಿರುಗಿ ಹೋಗ್ಲಿಲ್ಲಂದ್ರ ಒಲ್ಲೆ ಅಂದಂಗ ಅಲ್ಲೇನ್ರಿ?”

ನಮ್ಮ ವ್ಯಾಪಾರದಲ್ಲಿ ಅದು ಹಾಗೆಯೇ. ಗಿರಾಕಿ ಮೆಚ್ಚಿದ ಸೀರೆಗೆ ಮುಂಗಡವಾಗಿ ಒಂದಿಷ್ಟು ಇಸಾರ ಕೊಟ್ಟು ಹೋಗುತ್ತಾನೆ. ಮರಳಿ ಬರದಿದ್ದರೆ ಇಸಾರ ಅಂಗಡಿಗೆ, ಸೀರೆ ಬೇರೆಯವರಿಗೆ. ಸೀರೆಯನ್ನು ಅವನ ಮನೆಗೆ ಕಳಿಸಿ ಪೂರ್ತಿ ಹಣ ಕೇಳಿದವರನ್ನು ನಾನು ಕಂಡಿಲ್ಲ. ಆ ವಿಶ್ವವಿದ್ಯಾಲಯದಲ್ಲಿ ಮಾತ್ರ ಸುಮ್ಮನಿದ್ದದ್ದೇ ಒಪ್ಪಿಗೆಯಾಗಿತ್ತು; ತಿಂಗಳಾದ ಕೂಡಲೇ ಪೂರಾ ಫೀಯನ್ನು ಕಾರ್ಡಿನಿಂದ ತಾವೇ ಎಳೆದುಕೊಂಡಿದ್ದರು.

ನಮ್ಮ ಮನೆಯವರಿಗೆ ಹೇಳಿದೆ. “ನಾ ಇದ್ರೂ ಹಂಗ ತಿಳಕೊಂತಿದ್ನಿ,” ಎಂದರು.

ನಾದಿನಿ ಹುನಗುಂದದಲ್ಲಿ ಬಸ್ಸು ಬದಲಿಸಿ ಸಂಜೆಗೆ ಬಂದಳು. ಇಬ್ಬರೂ ಇಂಟರ್ನೆಟ್ ಸೆಂಟರಿನಲ್ಲಿ ಕೂತು ‘ಒಲ್ಲೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆವು. ಅದರ ಪ್ರತಿಯನ್ನು ಬ್ಯಾಂಕಿನ ಎರಡನೆಯ ಫಾರ್ಮಿಗೆ ಲಗತ್ತಿಸಿ, ನಡೆದದ್ದನ್ನು ನಡೆದಂತೆಯೇ ಬರೆದೆವು. ಎರಡು ತಿಂಗಳ ಮೇಲೆ ನಾಲ್ಕು ಸಾವಿರ ತಿರುಗಿ ಬಂತು. ಇನ್ನೂರು ಬರಲಿಲ್ಲ. ಅದನ್ನು ನಾವು ಕೇಳಿಯೂ ಇರಲಿಲ್ಲ.

ಫಾರ್ಮು ಬರೆದ ದಿನ ರಾತ್ರಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಊಟದ ನಡುವೆ ಇವರು ಅಂದರು: “ನಾಳಿ ಹುನಗುಂದಕ್ಕ ಹೋದಾಗ ಆ ಪಂಪಿನವಗ ಒಂದ್ ಚಹಾ ಕುಡಿಸ್ಬೇಕು.”

“‘ಯಾಕಣ್ಣಾ’ ಅಂತ ಅಂವಾ ಕೇಳಿದ್ರ ಏನಂತೀ?” ಎಂದಳು ನಾದಿನಿ.

“ಏನೂ ಅನ್ನಂಗಿಲ್ಲ. ಸುಮ್ನ ಕುಡಿಸ್ತೇನಿ.”

ಕೈ ತೊಳೆದು ಇವರು ಮೊದಲು ಮಲಗಿದರು. ನಾದಿನಿ ಮುಸುರೆ ತಿಕ್ಕಿದಳು, ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ: ‘ನಾದಿನಿ ಬಂದಳು. ಒಲ್ಲೆ ಅಂತ ಬರೆದು ಕಳಿಸಿದೆವು.’