ಅಳಿಯ ಹೊರಗುಳಿದ ಮೇಲೆ

ಮೊಮ್ಮಗಳು ಹಂಪಿಯಿಂದ ಮಣ್ಣಿನ ಚಿಲುಮೆಯೊಂದನ್ನು ತಂದು, ಊದಿನಕಡ್ಡಿ ಸಿಕ್ಕಿಸುವುದಕ್ಕೆ ಚೆನ್ನಾಗಿದೆ ಎಂದು ದೇವರ ಮುಂದೆ ಇಟ್ಟಿದ್ದಾಳೆ. ಅದರ ನಿಜವಾದ ಕೆಲಸವೇನೆಂದು ನಾನು ಹೇಳಲು ಹೋಗಿಲ್ಲ. ಶಿವನಿಗೇನೂ ಬೇಸರವಾಗಿರಲಿಕ್ಕಿಲ್ಲ. ನನಗಂತೂ ಅದನ್ನು ಕಂಡಾಗಲೆಲ್ಲ ಕೆಂಚನಗುಡ್ಡದ ತಾತ ನೆನಪಾಗಿ ನಗು ಬರುತ್ತದೆ...

ನಾನು ಮದರಾಸಿನಲ್ಲಿ ಡಾಕ್ಟರಿಕೆ ಓದಿ ಸಿರುಗುಪ್ಪದಲ್ಲಿ ದವಾಖಾನೆ ತೆರೆದ ಹೊಸತು. ಬಳ್ಳಾರಿ ಸೀಮೆ ಆಗಿನ್ನೂ ಮದರಾಸಿಗೇ ಸೇರಿತ್ತು. ರೋಗಿಗಳು ಚಟಗಳನ್ನು ಮುಚ್ಚಿಡುತ್ತಾರೆ, ಬಾಯಿ ಬಿಡಿಸುವುದು ನಿಮ್ಮ ಜಾಣತನ ಎಂದು ನಮಗೆ ಪಾಠ ಹೇಳಿದ್ದರು. ಸಿರುಗುಪ್ಪದಲ್ಲಿ ಬಾಯಿ ಮುಚ್ಚಿಸುವುದೇ ಕೆಲಸವಾಯಿತು. ಕೆಮ್ಮೆಂದು ಬಂದ ತಾತ, ಹೊಳೆಯಲ್ಲಿ ಮಿಂದು ಶಿವನಿಗೆ ಕೈಮುಗಿದ ಮೇಲೆ ಒಂದು ಚಿಲುಮೆ ಗಾಂಜಾ, ಹೊತ್ತು ಮುಳುಗುವಾಗ ಇನ್ನೊಂದು ಎಂದು ನಾನು ಕೇಳುವ ಮೊದಲೇ ಹೇಳಿದ. ಬೆಂಚಿನ ಮೇಲೆ ಕೂತಿದ್ದವರೂ ತಮ್ಮ ತಮ್ಮ ಪಾಲು ಒಪ್ಪಿಸಿದರು. ಕಡಿಮೆ ಮಾಡು ತಾತ ಎಂದೆ. ಆಗಲಿ ಎಂದ. ಮುಂದಿನ ಸಲ ಬಂದು, ಕಡಿಮೆ ಮಾಡಿಲ್ಲವೆಂದು ಅಷ್ಟೇ ಸಲೀಸಾಗಿ ತಿಳಿಸಿದ.

ತಾತನ ಅಳಿಯ ಕುರುಗೋಡಿನಲ್ಲಿ ಶಾಲೆ ಮಾಸ್ತರ. ಇಸ್ತ್ರಿ ಅಂಗಿ, ತೂಕದ ಮಾತು. ದುಶ್ಚಟಗಳ ವಿರುದ್ಧ ಊರೂರಿಗೆ ಹೋಗಿ ಭಾಷಣ ಬೇರೆ ಮಾಡುತ್ತಿದ್ದ. ಅವನೆದುರು ಮಾತ್ರ ತಾತನ ಬಾಯಲ್ಲಿ ಚಿಲುಮೆಯ ಸುದ್ದಿ ಬರುತ್ತಿರಲಿಲ್ಲ. ಮಗಳನ್ನು ಕೊಟ್ಟ ಮನೆಯವರ ಮುಂದೆ ಮಾವ ಹಗುರಾಗಬಾರದು, ಅಳಿಯನನ್ನೂ ಹಗುರ ಮಾಡಬಾರದು. ನಮ್ಮ ಕಡೆ ಅದು ದೊಡ್ಡ ಮರ್ಯಾದೆ.

ಒಂದು ದಿನ ತಾತನ ಹರ್ನಿಯಾ ಬಿಗಿದುಕೊಂಡಿತು. ಅಂದೇ ಆಪರೇಷನ್ ಆಗದಿದ್ದರೆ ಉಳಿಯುವಂತಿರಲಿಲ್ಲ. ಬಾಡಿಗೆ ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕುರುಗೋಡಿನಿಂದ ಅಳಿಯನೂ ಓಡಿ ಬಂದ. ಗಾಂಜಾ ರೂಢಿಯವರಿಗೆ ಎಚ್ಚರ ತಪ್ಪಿಸುವ ಕ್ಲೋರೋಫಾರ್ಮ್ ಸುಲಭವಾಗಿ ಹತ್ತುವುದಿಲ್ಲ. ತಿಳಿಯದೆ ಕೊಟ್ಟರೆ ಟೇಬಲ್ಲಿನ ಮೇಲೆಯೇ ಹೆಚ್ಚುಕಡಿಮೆಯಾಗಬಹುದು. ಸರ್ಜನ್ನರು ವರಾಂಡದಲ್ಲೇ ಖಡಕ್ಕಾಗಿ, ಸೆರೆ-ಹೆಂಡ, ಗಾಂಜಾ ಏನಾದರೂ ಇದೆಯೇ ಎಂದು ಕೇಳಿದರು. ತಾತ ಪಕ್ಕದಲ್ಲಿದ್ದ ಅಳಿಯನ ಮುಖ ನೋಡಿದ.

"ಅಂಥಾವು ಏನೂ ಇಲ್ರಿ ಸಾಹೇಬ್ರ."

ಕೇಳದೆಯೇ ಹೇಳುತ್ತಿದ್ದವನು ಹೇಳಲೇಬೇಕಾದ ಹೊತ್ತಿಗೆ ಬಾಯಿ ಹೊಲಿದುಕೊಂಡಿದ್ದ. ಒಳಗೆ ಹೋದಕೂಡಲೇ ನಾನೇ ಹೇಳೋಣವೆಂದು ಹಿಂದೆಯೇ ಹೋದೆ. ಬಾಗಿಲು ಮುಚ್ಚಿತು. ನಾನು ಬಾಯಿ ತೆರೆಯುವುದರೊಳಗೆ ತಾತ ಸರ್ಜನ್ನರ ಕೈ ಹಿಡಿದ.

"ಅಳಿಯಂದ್ರು ಹೊರಗ ಉಳದ್ರಿಲ್ಲ? ಈಗ ಕೇಳ್ರಿ. ದಿನಾ ಎರಡು ಚಿಲುಮಿ ಗಾಂಜಾ, ಇವತ್ತು ನೋವಿಗೆ ಇನ್ನೊಂದು ಜಾಸ್ತಿ. ಡಾಕ್ಟ್ರ ಮುಂದ ಎಂಥಾ ಮುಚ್ಚುಮರಿ?"

ಸರ್ಜನ್ನರು ನಕ್ಕಿದ್ದನ್ನು ಅಲ್ಲಿನ ನರ್ಸುಗಳು ಅದೇ ಮೊದಲು ಕಂಡಿದ್ದಂತೆ. ನಾಡಿ ನೋಡುತ್ತ ನೋಡುತ್ತ ಜೋಪಾನವಾಗಿ ಮದ್ದು ಕೊಟ್ಟರು. ತಾತ ಉಳಿದುಕೊಂಡ.

ಹೊರಗೆ ಬಂದರೆ ಅಳಿಯ ವರಾಂಡದ ಆ ತುದಿಯಲ್ಲಿ ನಿಂತಿದ್ದ. ಜೀವಕ್ಕೇನೂ ಭಯವಿಲ್ಲವೆಂದೆ. ಮಾವ ಒಳಗೆ ನಿಜ ಹೇಳಿದರೇ ಎಂದು ಮೆಲ್ಲಗೆ ಕೇಳಿದ. ಹೇಳಿದರು ಎಂದೆ. ಮಾಸ್ತರನ ಕಣ್ಣು ತುಂಬಿತು.

"ನಾ ಬಾಗಿಲತ್ರ ನಿಂತ್ರ ಅವ್ರು ಹೇಳಂಗಿಲ್ಲ ಅಂತ ಗೊತ್ತಿತ್ರಿ. ಅದಕ್ಕ ಇಷ್ಟು ದೂರ ಬಂದೀನಿ."

ಆಮೇಲೆ ತಾತ ಹಲವು ಸುಗ್ಗಿ ಕಂಡ. ಆ ಮಾತು ಮಾವ-ಅಳಿಯರ ನಡುವೆ ಬರಲೇ ಇಲ್ಲ. ಮಾಸ್ತರನ ಭಾಷಣವೂ ನಿಲ್ಲಲಿಲ್ಲ. ಆದರೆ ಕೆಂಚನಗುಡ್ಡಕ್ಕೆ ಹೋದಾಗಲೆಲ್ಲ ಹೊತ್ತು ಮುಳುಗುವ ಸಮಯಕ್ಕೆ ಸರಿಯಾಗಿ ಅವನಿಗೆ ಹೊಳೆ ಕಡೆ ಅಡ್ಡಾಡಿ ಬರುವ ಮನಸ್ಸಾಗುತ್ತಿತ್ತು. ಎಷ್ಟು ಸೊಳ್ಳೆ ಕಚ್ಚಿದರೂ ಬೇಗ ಹಿಂತಿರುಗುತ್ತಿರಲಿಲ್ಲವಂತೆ. ಇದನ್ನು ನನಗೆ ನಗುನಗುತ್ತ ಹೇಳಿದವನು ತಾತನೇ...

ಇಬ್ಬರೂ ಈಗಿಲ್ಲ. ಇಂದಿನ ರೋಗಿಗಳು ನಾನು ಏನು ಕೇಳಿದರೂ ಇಲ್ಲ ಎನ್ನುತ್ತಾರೆ. ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕೂತಿರಿ ಎಂದು ಕಳಿಸಿ, ಮತ್ತೊಮ್ಮೆ ಕೇಳಿ, ಸುಮ್ಮನೆ ಕಾಯುತ್ತೇನೆ.